ಇಡೀ ಮನೆ ಬಾಡಿಗೆಗೆ, ಅಡುಗೆ ಯಾರದು?

ನಮ್ಮಲ್ಲಿ ಕೋಣೆಯ ಬಾಡಿಗೆ ಬೇರೆ, ಹಾಲ್ ಬೇರೆ, ಊಟದ ಲೆಕ್ಕ ಬೇರೆ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಹಳೆಯ ಹಳ್ಳಿ ಬಂಗಲೆಗಳನ್ನು ಇಡಿಯಾಗಿ ಒಂದೇ ಗುಂಪಿಗೆ ಕೊಡುವ ಕ್ರಮವಿದೆ. ಕೆಲವು ದಿನಗಳಿಗೆ ಅಥವಾ ಒಂದು ವಾರಕ್ಕೆ ಒಂದೇ ಬಾಡಿಗೆ. ಕೋಣೆ, ಊಟದ ಮನೆ, ಅಡುಗೆಮನೆ, ತೋಟ ಎಲ್ಲವೂ ಅದರಲ್ಲೇ ಬಂತು.

ಮೊನ್ಮತ್‌ಶೈರಿನ 'ಲುಯಿನ್ ಕೆಲಿನ್' 1420ರಲ್ಲಿ ಕಟ್ಟಿದ ಮನೆ. ಪಾಳು ಬೀಳುವ ಸ್ಥಿತಿಯಲ್ಲಿದ್ದ ಇದನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ ದುರಸ್ತಿ ಮಾಡಿಸಿ 2018ರಲ್ಲಿ ಬಾಡಿಗೆಗೆ ತೆರೆಯಿತು. 8 ಮಂದಿ ತಂಗಬಹುದು. ಬಂದ ಬಾಡಿಗೆಯೇ ಇಂಥ ಮನೆಗಳನ್ನು ಉಳಿಸುತ್ತದೆ.

ದೊಡ್ಡ ಬಂಗಲೆಗಳಿಗೆ ಮದುವೆಯ ವ್ಯಾಪಾರ ತೆರೆದದ್ದು 1994ರ ವಿವಾಹ ಕಾಯಿದೆ. ಅಲ್ಲಿಯ ತನಕ ನೋಂದಣಿ ಕಚೇರಿಯಲ್ಲೇ ಆಗಬೇಕಿದ್ದ ಸಿವಿಲ್ ಮದುವೆಯನ್ನು 1995ರಿಂದ ಪರವಾನಗಿ ಪಡೆದ ಬಂಗಲೆಗಳಲ್ಲೂ ನಡೆಸಬಹುದಾಯಿತು.

ನಾವು ಗಮನಿಸತಕ್ಕ ವಿಷಯ ಬೇರೆಯೇ ಇದೆ. ಇಂಥ ಅನೇಕ ಮನೆಗಳಲ್ಲಿ ಬಾಡಿಗೆಗೆ ಊಟ ಸೇರಿಲ್ಲ. ಅತಿಥಿಗಳೇ ಬೇಯಿಸಿಕೊಳ್ಳಬೇಕು, ಇಲ್ಲವೇ ಕೇಟರರ್‌ನನ್ನು ಕರೆಸಬೇಕು. ಎಂಟು ಜನರ ಒಲೆಯಲ್ಲಿ ಎಂಬತ್ತು ಜನರ ಅಡುಗೆ ಆಗದು. ಸಂರಕ್ಷಿತ ಕಟ್ಟಡವಾದ್ದರಿಂದ ಅದರ ಸ್ವರೂಪ ಕೆಡುವಂತೆ ಗೋಡೆ ಒಡೆಯುವುದು, ಚಿಮಣಿ ಕೂರಿಸುವುದು ಅನುಮತಿಯಿಲ್ಲದೆ ಮಾಡಿದರೆ ಅಪರಾಧ.

ನಮ್ಮ ಸದಸ್ಯರಿಗೂ ಹಳೆಯ ವಾಡೆ, ಬಂಗಲೆಗಳ ಆರ್ಡರು ಬರುತ್ತದೆ. ಮುಂಗಡ ಹಿಡಿಯುವ ಮೊದಲು ಕೇಳಿ: ಉಳಿಯುವವರೆಷ್ಟು, ಉಣ್ಣುವವರೆಷ್ಟು? ವಿದ್ಯುತ್ ಎಷ್ಟು ತಾಳುತ್ತದೆ? ನೀರು, ಫ್ರಿಜ್ಜು ಸಾಕೇ? ಟೆಂಪೊ ಬಾಗಿಲ ತನಕ ಬರುತ್ತದೆಯೇ? ಹೊರಗೆ ಒಲೆ ಹೂಡಲು ಜಾಗವಿದೆಯೇ? ಮೆನು ಬರೆಯುವುದು ಆಮೇಲೆ. ಊಟ ತಡವಾದರೆ ಯಾರೂ ಮನೆಯನ್ನು ದೂರುವುದಿಲ್ಲ, ಕೆಡುವುದು ನಮ್ಮ ಹೆಸರು.