ಶೇರ್‌ಪಾಯಿಂಟೂ ಕಚೇರಿಯ ನೌಕರರೂ

ಕಚೇರಿಯ ಕೆಲಸವು ಸ್ವಭಾವತಃ ಅನೇಕರು ಕೂಡಿ ನಡೆಸತಕ್ಕ ಕೆಲಸ. ಒಬ್ಬರು ಬರೆದುದನ್ನು ಇನ್ನೊಬ್ಬರು ಪರಿಶೀಲಿಸಿ, ಮತ್ತೊಬ್ಬರು ತಿದ್ದಿ, ಅಧಿಕಾರವುಳ್ಳವರು ಅಂಗೀಕರಿಸಿದ ಮೇಲೆಯೇ ಒಂದು ಪತ್ರವಾಗಲಿ ಒಂದು ಬಿಲ್ಲಾಗಲಿ ಊರ್ಜಿತವಾಗುವುದು. ಕಾಗದದ ಕಾಲದಲ್ಲಿ ಈ ಸಹಕಾರ್ಯಕ್ಕೆ ಆಧಾರವಾಗಿದ್ದುದು ಒಂದೇ ಒಂದು ಕಡತ. ಅದು ಯಾರ ಮೇಜಿನ ಮೇಲಿದ್ದಿತೋ ವಿಷಯವೂ ಅಲ್ಲಿಯೇ ಇರುತ್ತಿದ್ದಿತು. ಕಂಪ್ಯೂಟರೂ ಇ-ಮೇಲೂ ಬಂದು, ಪ್ರತಿ ಮಾಡುವುದು ಕ್ಷಣಮಾತ್ರದ ಕೆಲಸವಾದ ಮೇಲೆ ಕಡತದ ಈ ಏಕತ್ವಕ್ಕೆ ಭಂಗ ಬಂದು, ಒಂದೇ ವರದಿಯ ಏಳೆಂಟು ಪ್ರತಿಗಳು ಏಳೆಂಟು ಜನರ ಯಂತ್ರಗಳಲ್ಲಿ ಏಳೆಂಟು ಬಗೆಯಾಗಿ ಬೆಳೆಯುವಂತಾಯಿತು. ಈ ದೋಷವನ್ನು ನೀಗಿಸಿ, ದಾಖಲೆಯೊಂದನ್ನು ಎಲ್ಲರೂ ಕಾಣಬಹುದಾದ ಒಂದೇ ಎಡೆಯಲ್ಲಿ ನಿಲ್ಲಿಸುವ ತಂತ್ರಾಂಶಗಳಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ಹೊರತಂದ ಶೇರ್‌ಪಾಯಿಂಟ್ ಪ್ರಸಿದ್ಧವಾದುದು. ಪ್ರೋಗ್ರಾಮಿಂಗಿನ ಪರಿಚಯವೇ ಇಲ್ಲದ ನೌಕರರಿಗೆ ಇಂಥ ಸಾಧನವನ್ನು ಕಲಿಸುವ ಬಗೆ ಯಾವುದು ಎಂಬುದನ್ನು ಅದನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರ ಮಾಡಬಹುದು.

ದೂರದಲ್ಲಿರುವ ಇಬ್ಬರು ಒಂದೇ ಬರಹವನ್ನು ಪರದೆಯ ಮೇಲೆ ಏಕಕಾಲದಲ್ಲಿ ಕಂಡು ಕೆಲಸಮಾಡುವುದು ಸಾಧ್ಯವೆಂಬುದನ್ನು ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ 1968ರ ಡಿಸೆಂಬರಿನಲ್ಲಿಯೇ ತೋರಿಸಿಕೊಟ್ಟಿದ್ದನು. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ತಂತ್ರಾಂಶವು, ಪ್ರೋಗ್ರಾಂ ಬರೆಯಲು ಬಾರದ ಲೆಕ್ಕಿಗನೂ ಕಂಪ್ಯೂಟರನ್ನು ತನ್ನ ಇಷ್ಟದಂತೆ ದುಡಿಸಿಕೊಳ್ಳಬಲ್ಲನೆಂಬುದನ್ನು ಸಿದ್ಧಮಾಡಿ ತೋರಿಸಿತು. 1989ರಲ್ಲಿ ಬಂದ ಲೋಟಸ್ ನೋಟ್ಸ್ ಗುಂಪಿನ ಕೆಲಸಕ್ಕೆಂದೇ ರಚಿತವಾದುದು. ಸಾಮಾನ್ಯ ನೌಕರನ ಕೈಗೆ ಯಂತ್ರದ ಶಕ್ತಿಯನ್ನು ಒಪ್ಪಿಸುವ ಈ ಪ್ರಯತ್ನಕ್ಕೆ, ಹೀಗೆ, ಅರ್ಧ ಶತಮಾನಕ್ಕೂ ಮಿಕ್ಕ ಇತಿಹಾಸವುಂಟು.

ಸಾಮಾನ್ಯವಾಗಿ ನಡೆಯುವ ತರಬೇತಿಯ ಕ್ರಮವೇನೆಂದರೆ, ನೌಕರರನ್ನೆಲ್ಲ ಒಂದು ಕೊಠಡಿಯಲ್ಲಿ ಕೂರಿಸಿ, ಇಡೀ ದಿನ ಪರದೆಯ ಮೇಲೆ ಒಂದಾದ ಮೇಲೊಂದು ಗುಂಡಿಯನ್ನು ತೋರಿಸುತ್ತ, ಇದನ್ನು ಒತ್ತಿದರೆ ಇದಾಗುತ್ತದೆ ಎಂದು ಹೇಳಿ, ಸಂಜೆಗೆ ಪ್ರಮಾಣಪತ್ರ ಕೊಟ್ಟು ಕಳುಹಿಸುವುದು. ಮರುವಾರದ ಹೊತ್ತಿಗೆ ಅದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿರುತ್ತದೆ. ತಂತ್ರಾಂಶವು ಹೊಸ ರೂಪ ತಾಳಿದ ದಿನ ಉಳಿದ ಕಾಲು ಪಾಲೂ ನಿರುಪಯೋಗಿಯಾಗುತ್ತದೆ. ಕಲಿಸತಕ್ಕದ್ದು ಗುಂಡಿಗಳನ್ನಲ್ಲ, ಆ ಕಚೇರಿಯ ಕೆಲಸವೇ ಈ ಸಾಧನದೊಳಗೆ ಯಾವ ಆಕಾರವನ್ನು ತಾಳುತ್ತದೆಂಬುದನ್ನು. ಆವಕ ವಹಿಯನ್ನು ಬರೆದು ಪಳಗಿದ ಗುಮಾಸ್ತರಿಗೆ ಶೇರ್‌ಪಾಯಿಂಟಿನ ‘ಲಿಸ್ಟ್’ ಹೊಸದೇನೂ ಅಲ್ಲ: ಕ್ರಮಸಂಖ್ಯೆ, ದಿನಾಂಕ, ಯಾರಿಂದ ಬಂದುದು, ವಿಷಯ, ಯಾರಿಗೆ ವಹಿಸಿದುದು ಎಂಬ ಅಂಕಣಗಳು ಅಲ್ಲಿಯೂ ಅವೇ. ಅವರ ವಹಿಯನ್ನೇ ಎದುರಿಗಿಟ್ಟುಕೊಂಡು, ಅವರ ಕೈಯಿಂದಲೇ ಆ ಅಂಕಣಗಳನ್ನು ಪರದೆಯ ಮೇಲೆ ಮಾಡಿಸಿದರೆ, ಪಾಠದ ಅರ್ಧಭಾಗ ಅಲ್ಲಿಗೆ ಮುಗಿದಂತೆ.

ಇಷ್ಟಾದರೂ ಪೂರ್ವಾಭ್ಯಾಸವು ಒಂದು ಕಡೆ ಅಡ್ಡಿಯಾಗುವುದುಂಟು. ಕಂಪ್ಯೂಟರಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಫೋಲ್ಡರು ಮಾಡಿ ದಾಖಲೆಗಳನ್ನು ಅಡಗಿಸಿಡುವುದು ನಮಗೆಲ್ಲ ರೂಢಿಯಾಗಿದೆ. ಕಾಲೇಜೊಂದರ ಕಚೇರಿಯಲ್ಲಿ ಖರೀದಿಯ ಬಿಲ್ಲುಗಳನ್ನು ವರ್ಷವಾರು ಫೋಲ್ಡರುಗಳಲ್ಲಿಟ್ಟಿದ್ದಾರೆಂದು ಭಾವಿಸೋಣ. ರಸಾಯನಶಾಸ್ತ್ರ ವಿಭಾಗದ ಎಲ್ಲ ವರ್ಷಗಳ ಬಿಲ್ಲುಗಳೂ ಬೇಕೆಂದು ಪ್ರಾಂಶುಪಾಲರು ಕೇಳಿದರೆ ಪ್ರತಿಯೊಂದು ಫೋಲ್ಡರನ್ನೂ ತೆರೆದು ಹುಡುಕಬೇಕು; ಸಂದಾಯವಾಗದ ಬಿಲ್ಲುಗಳು ಯಾವುವೆಂದು ಲೆಕ್ಕಪರಿಶೋಧಕರು ಕೇಳಿದರೆ ಮತ್ತೆ ಮೊದಲಿನಿಂದ ಹುಡುಕಬೇಕು. ಅದೇ ಬಿಲ್ಲುಗಳನ್ನು ಶೇರ್‌ಪಾಯಿಂಟಿನಲ್ಲಿ ದಾಖಲೆಗಳನ್ನಿಡುವ ‘ಲೈಬ್ರರಿ’ ಒಂದರಲ್ಲಿಟ್ಟು, ವರ್ಷ, ವಿಭಾಗ, ಮೊತ್ತ, ಸಂದಾಯದ ಸ್ಥಿತಿ ಎಂಬ ಕಾಲಮ್ಮುಗಳನ್ನು ಪ್ರತಿಯೊಂದಕ್ಕೂ ತುಂಬಿಸಿದರೆ, ‘ವ್ಯೂ’ ಎಂಬ ಸೌಕರ್ಯದಿಂದ ಇವೇ ದಾಖಲೆಗಳನ್ನು ಪ್ರಾಂಶುಪಾಲರಿಗೆ ವಿಭಾಗವಾರಾಗಿಯೂ ಲೆಕ್ಕಪರಿಶೋಧಕರಿಗೆ ಬಾಕಿಯ ಕ್ರಮದಲ್ಲಿಯೂ ಒದಗಿಸಬಹುದು. ಒಂದು ದಾಖಲೆಯನ್ನೂ ಅದಿದ್ದ ಸ್ಥಳದಿಂದ ಕದಲಿಸಬೇಕಾದುದಿಲ್ಲ. ಈ ಒಂದು ವಿಚಾರವು ಮನಸ್ಸಿಗೆ ನಾಟುವವರೆಗೆ ಶಿಕ್ಷಕನು ಮುಂದಿನ ಪಾಠಕ್ಕೆ ಹೋಗಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು ಅನುಮತಿಯ ವಿಷಯ. ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಇಡೀ ತಾಣದ ಹೊಣೆ ಹೊರಬೇಕು ಎಂಬ ಮೂರು ದರ್ಜೆಗಳನ್ನು ಶೇರ್‌ಪಾಯಿಂಟ್ ತಾನಾಗಿಯೇ ಕಲ್ಪಿಸಿಕೊಡುತ್ತದೆ. ತಿಳಿವಳಿಕೆಯಿಲ್ಲದ ಕಡೆ, ಒಂದೊಂದು ಕಡತಕ್ಕೂ ಬೇರೆ ಬೇರೆ ಅನುಮತಿಯನ್ನು ಕೊಡುತ್ತ ಹೋಗಿ, ಯಾರಿಗೆ ಏನು ತೆರೆದಿದೆ ಎಂಬುದನ್ನು ಯಾರೂ ಹೇಳಲಾಗದ ಗೊಂದಲವುಂಟಾಗುತ್ತದೆ. ನೌಕರರ ಸಂಬಳದ ಪಟ್ಟಿ, ವಿದ್ಯಾರ್ಥಿಗಳ ಖಾಸಗಿ ವಿವರ ಮುಂತಾದುವು ಅನ್ಯರ ಕಣ್ಣಿಗೆ ಬೀಳುವುದು ಇಂಥ ಅಜಾಗ್ರತೆಯಿಂದ. ಇದನ್ನು ತಂತ್ರಜ್ಞರ ಪಾಲಿನ ಸಂಗತಿಯೆಂದು ಬಿಡದೆ, ಕಚೇರಿಯ ನಂಬಿಕೆಗೆ ಸೇರಿದ ಸಂಗತಿಯೆಂದೇ ಬೋಧಿಸಬೇಕು.

ಕಲಿಯುವವರನ್ನು ಹಿಂದಕ್ಕೆಳೆಯುವುದು ಬುದ್ಧಿಮಾಂದ್ಯವಲ್ಲ, ಭಯ. ತಾನು ಏನನ್ನಾದರೂ ಕೆಡಿಸಿಬಿಟ್ಟರೆ ಎಂಬ ಅಂಜಿಕೆ ಮೂವತ್ತು ವರ್ಷ ಸೇವೆ ಸಲ್ಲಿಸಿದ ಮೇಲ್ವಿಚಾರಕರನ್ನೂ ಬಿಡದು. ಲೈಬ್ರರಿಯಲ್ಲಿ ತಿದ್ದುಪಡಿ ಮಾಡಿದಾಗಲೆಲ್ಲ ಹಿಂದಿನ ರೂಪವು ಉಳಿದಿರುತ್ತದೆ, ಅದನ್ನು ಮರಳಿ ಪಡೆಯಬಹುದು. ಅಳಿಸಿದ ದಾಖಲೆಯೂ ಆನ್‌ಲೈನ್ ಸೇವೆಯ ರೀಸೈಕಲ್ ಬಿನ್ನಿನಲ್ಲಿ 93 ದಿನಗಳವರೆಗೆ ಇರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು: ಮೊದಲನೆಯ ದಿನವೇ ಅವರಿಂದಲೇ ಒಂದು ಕಡತವನ್ನು ಅಳಿಸಿಸಿ, ಅವರಿಂದಲೇ ಅದನ್ನು ಹಿಂದಕ್ಕೆ ತರಿಸಬೇಕು.

ಇನ್ನು ಶೇರ್‌ಪಾಯಿಂಟಿನೊಡನೆ ಬಳಸುವ, ಮೈಕ್ರೋಸಾಫ್ಟಿನದೇ ಆದ ಪವರ್ ಆಟೋಮೇಟ್. 2016ರಲ್ಲಿ ‘ಫ್ಲೋ’ ಎಂಬ ಹೆಸರಿನಿಂದ ಬಂದು 2019ರಲ್ಲಿ ಈ ಹೆಸರನ್ನು ತಳೆದ ಈ ಸಾಧನದಿಂದ, ರಜೆಯ ಅರ್ಜಿ ಬಂದೊಡನೆ ಅದು ಮೇಲಧಿಕಾರಿಗೆ ತಾನಾಗಿ ತಲಪುವಂತೆಯೂ, ಅವರು ಒಪ್ಪಿದರೆ ಅರ್ಜಿದಾರರಿಗೆ ಪತ್ರ ಹೋಗುವಂತೆಯೂ, ಒಂದು ಸಾಲು ಕೋಡ್ ಬರೆಯದೆ ಏರ್ಪಡಿಸಬಹುದು. ಆದರೆ ಹಾಗೆ ಏರ್ಪಡಿಸಲು ಕುಳಿತ ಕ್ಷಣದಲ್ಲಿ, ಮೇಲಧಿಕಾರಿಯೇ ರಜೆಯಲ್ಲಿದ್ದರೆ ಅರ್ಜಿ ಯಾರಿಗೆ ಹೋಗಬೇಕು, ಎಷ್ಟು ದಿನ ಕಾಯಬೇಕು, ತಿರಸ್ಕೃತವಾದರೆ ಕಾರಣ ಬರೆಯುವುದು ಕಡ್ಡಾಯವೋ ಅಲ್ಲವೋ ಎಂಬ ಪ್ರಶ್ನೆಗಳೇಳುತ್ತವೆ. ಅನೇಕ ಕಚೇರಿಗಳಲ್ಲಿ ಇವಕ್ಕೆ ಲಿಖಿತವಾದ ಉತ್ತರವೇ ಇರುವುದಿಲ್ಲ. ಆ ಉತ್ತರಗಳನ್ನು ಬಲ್ಲವರು ದಿನವೂ ಅರ್ಜಿಗಳನ್ನು ನಿರ್ವಹಿಸುವ ಗುಮಾಸ್ತರೇ ಹೊರತು ಹೊರಗಿನಿಂದ ಬಂದ ತಂತ್ರಜ್ಞರಲ್ಲ. ಆದುದರಿಂದ ಸಾಧನವನ್ನು ಅವರ ಕೈಗೇ ಒಪ್ಪಿಸುವುದು ಯುಕ್ತ.

ಸಾಧನಗಳು ಶಾಶ್ವತವಲ್ಲವೆಂಬುದನ್ನೂ ಮರೆಯಲಾಗದು. ಶೇರ್‌ಪಾಯಿಂಟ್ ಡಿಸೈನರ್ ಎಂಬುದರಲ್ಲಿ ಶ್ರಮಪಟ್ಟು ರಚಿಸಿದ 2010ರ ಮಾದರಿಯ ಕಾರ್ಯಸರಣಿಗಳನ್ನು ಮೈಕ್ರೋಸಾಫ್ಟ್ ತನ್ನ ಆನ್‌ಲೈನ್ ಸೇವೆಯಲ್ಲಿ 2020ರಲ್ಲಿ ನಿಲ್ಲಿಸಿಬಿಟ್ಟಿತು. ತಮ್ಮ ಕೆಲಸದ ಹಂತಗಳನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿಟ್ಟವರಿಗೆ ಹೊಸ ಸಾಧನಕ್ಕೆ ದಾಟುವುದು ಸುಲಭವಾಗುತ್ತದೆ. ಹಾಗೆ ಬರೆದಿಡದವರು ಎಲ್ಲವನ್ನೂ ಪುನಃ ಆರಂಭಿಸಬೇಕಾಗುತ್ತದೆ.

ಕನ್ನಡದ ಕಚೇರಿಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ನಮ್ಮಲ್ಲಿ ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ದಾಖಲೆಗಳು ಅಪಾರವಾಗಿವೆ. ಯೂನಿಕೋಡಿಗೆ ಪರಿವರ್ತಿಸದೆ ಅವನ್ನು ಲೈಬ್ರರಿಗೆ ಏರಿಸಿದರೆ, ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಹುಡುಕಾಟಕ್ಕೆ ಅವು ಅರ್ಥವಿಲ್ಲದ ಅಕ್ಷರಗಳು. ಯಾವ ಕನ್ನಡ ಪದವನ್ನು ಕೊಟ್ಟರೂ ಅವು ದೊರೆಯಲಾರವು. ಯೂನಿಕೋಡಿನ ಅಭ್ಯಾಸವು ಇಲ್ಲಿ ತರಬೇತಿಯ ಮೊದಲ ಅಂಗವಾಗಬೇಕು.

ಕರ್ನಾಟಕ ಸರ್ಕಾರವು ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ವಿಧಿಸುವ ನಿಯಮಗಳನ್ನು 2012ರಲ್ಲಿಯೇ ಮಾಡಿತು. ಅದು ಒಳ್ಳೆಯ ಹೆಜ್ಜೆ. ಆದರೆ ಒಬ್ಬೊಬ್ಬರಾಗಿ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಬೇರೆ, ಒಂದು ಶಾಖೆಯವರೆಲ್ಲ ಕೂಡಿ ಒಂದೇ ದಾಖಲೆಯ ಮೇಲೆ ಕೆಲಸಮಾಡಲು ಕಲಿಯುವುದು ಬೇರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಕಚೇರಿಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿಯಿಷ್ಟೆ: ತಂತ್ರಾಂಶದ ಲೈಸೆನ್ಸಿಗೆ ಹಣ ಕಟ್ಟುವ ದಿನವೇ, ಪ್ರತಿ ಶಾಖೆಯಿಂದಲೂ ಆಸಕ್ತಿಯುಳ್ಳ ಒಬ್ಬರನ್ನು ಆರಿಸಿ, ವಾರದಲ್ಲಿ ಕೆಲವು ಗಂಟೆಗಳ ಕಾಲ ಅವರನ್ನು ದಿನನಿತ್ಯದ ಕೆಲಸದಿಂದ ಬಿಡುಗಡೆ ಮಾಡಿ, ಅವರು ಕಲಿತುದನ್ನು ಉಳಿದವರಿಗಾಗಿ ಕನ್ನಡದಲ್ಲಿ ಬರೆದಿಡುವಂತೆ ಏರ್ಪಾಡು ಮಾಡಿರಿ.