ಮೂಳೆಯ ವಯಸ್ಸು

ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಒಂದು ಪರೀಕ್ಷೆ ಮಾಡುತ್ತಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳು ತಾಗಿದರೆ ಒಂದನೇ ತರಗತಿಗೆ ವಯಸ್ಸಾಯಿತೆಂದು ಲೆಕ್ಕ. ಹುಟ್ಟಿದ ತಾರೀಕನ್ನು ಎಷ್ಟೋ ಸಲ ಮೇಷ್ಟ್ರೇ ಅಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ಮಂಡ್ಯ ಸೀಮೆಯ ಮಾಕವಳ್ಳಿ, ಕಿಕ್ಕೇರಿ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪರೀಕ್ಷೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವಿನ ವಯಸ್ಸನ್ನು ಕಾಗದ ಬಿಟ್ಟು ಮೈಯಲ್ಲೇ ಓದುವ ಪ್ರಯತ್ನ ಅದು. ಫುಟ್‌ಬಾಲ್ ಜಗತ್ತು ಈಗ ಅದೇ ಪ್ರಯತ್ನಕ್ಕೆ ಬಂದು ನಿಂತಿದೆ.

ಮೈ ಬೆಳೆಯುವುದನ್ನು ಬರೆದಿಡುವ ಕೆಲಸ ಹಳೆಯದು. ಫ್ರಾನ್ಸಿನ ಮಾಂಟ್‌ಬೇಯಾರ್ ಎಂಬ ಸಿರಿವಂತ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಅಳೆದ. ಬೆಳವಣಿಗೆ ಒಂದೇ ವೇಗದಲ್ಲಿ ಸಾಗದೆ ಹದಿಹರೆಯದಲ್ಲಿ ಥಟ್ಟನೆ ಏರುತ್ತದೆಂಬುದು ಆ ಅಂಕಿಗಳಲ್ಲೇ ಇತ್ತು. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಕ್ರಾಂಪ್ಟನ್, ಹುಡುಗರನ್ನು ಹುಟ್ಟಿದ ವರ್ಷದಿಂದಲ್ಲ, ದೇಹದ ವಯಸ್ಸಿನಿಂದ ವಿಂಗಡಿಸಬೇಕೆಂದು ವಾದಿಸಿದ. ಮುಂದೆ ಕೈಯ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಹೇಳುವ ಗ್ರೂಲಿಕ್–ಪೈಲ್, ಟ್ಯಾನರ್–ವೈಟ್‌ಹೌಸ್ ಪದ್ಧತಿಗಳು ಬಂದವು.

ಒಂದೇ ವಯಸ್ಸಿನವೆಲ್ಲ ಒಟ್ಟಿಗೆ ಬಲಿಯುವುದಿಲ್ಲ ಎಂಬುದು ಮಾಕವಳ್ಳಿಯ ರೈತರಿಗೆ ಹೊಸ ಮಾತಲ್ಲ. ಒಂದೇ ತಿಂಗಳಲ್ಲಿ ನಾಟಿ ಮಾಡಿದ ಕಬ್ಬು ಎಲ್ಲ ಗದ್ದೆಯಲ್ಲೂ ಒಂದೇ ದಿನ ಹದಕ್ಕೆ ಬರುವುದಿಲ್ಲ. ಹುಡುಗರೂ ಹಾಗೆಯೇ. ಎಂಟನೇ ತರಗತಿಯ ಒಂದೇ ಬೆಂಚಿನಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನ ದನಿಯೇ ಒಡೆದಿರುವುದಿಲ್ಲ. ಇಬ್ಬರ ಮೂಳೆಯ ವಯಸ್ಸಿನಲ್ಲಿ ನಾಲ್ಕು ವರ್ಷದ ಅಂತರವೂ ಇರಬಹುದು. ಹದಿನಾಲ್ಕು ವರ್ಷದೊಳಗಿನವರ ತಂಡದಲ್ಲಿ ಇಬ್ಬರೂ ಒಂದೇ ಚೆಂಡಿಗೆ ಕಾಲು ಚಾಚುತ್ತಾರೆ.

ಪೆಟ್ಟು ಬೀಳುವುದು ಚಿಕ್ಕವನಿಗೆ ಮಾತ್ರ ಅಂದುಕೊಂಡರೆ ತಪ್ಪು. ಗಂಡುಮಕ್ಕಳು ಸುಮಾರು ಹದಿನಾಲ್ಕರ ಆಸುಪಾಸಿನಲ್ಲಿ, ಹೆಣ್ಣುಮಕ್ಕಳು ಹನ್ನೆರಡರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ. ಹುಡುಗ ಆ ಒಂದೇ ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಏರಬಹುದು. ಮೂಳೆ ಉದ್ದವಾದಷ್ಟು ಬೇಗ ಗಟ್ಟಿಯಾಗುವುದಿಲ್ಲ. ಸ್ನಾಯು ಬಿಗಿಯಾಗುತ್ತದೆ. ಅದನ್ನು ಮೂಳೆಗೆ ಕಟ್ಟಿರುವ ಜಾಗ ಇನ್ನೂ ಎಳೆಯ ಮೃದ್ವಸ್ಥಿ. ಓಡಿದಾಗ, ಹಾರಿದಾಗ, ಚೆಂಡು ಒದ್ದಾಗ ಆ ಜಾಗವನ್ನೇ ಸ್ನಾಯು ಜಗ್ಗುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಎದ್ದು, ಮುಟ್ಟಿದರೆ ಹುಡುಗ ಚೀರುತ್ತಾನೆ. 1903ರಲ್ಲಿ ಬಾಸ್ಟನ್ನಿನ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಶ್ಲಾಟರ್ ಬೇರೆಬೇರೆಯಾಗಿ ವಿವರಿಸಿದ್ದು ಇದನ್ನೇ. ಹಿಮ್ಮಡಿಯಲ್ಲಿ ಬರುವ ಇಂಥದೇ ನೋವಿಗೆ 1912ರಿಂದ ಸೀವರ್ ಎಂಬ ವೈದ್ಯನ ಹೆಸರಿದೆ. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಉತ್ತರ: ‘ಬೆಳೆಯೋ ನೋವು, ಬಿಡು.’ ಬೆಳವಣಿಗೆಯದ್ದೇ ನಿಜ, ಆದರೆ ಬಿಟ್ಟುಬಿಡುವಂಥದ್ದಲ್ಲ. ಹಾಲೆಂಡಿನ ಯುವ ಆಟಗಾರರನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎತ್ತರ ಅತಿ ವೇಗವಾಗಿ ಏರಿದ ವರ್ಷದಲ್ಲಿ ಬಿದ್ದು, ಡಿಕ್ಕಿಯಾಗಿ ಆದ ಗಾಯಗಳು ಅದರ ಹಿಂದಿನ ವರ್ಷಕ್ಕಿಂತ ಹೆಚ್ಚಿದ್ದವು.

ನಮ್ಮ ದೇಶದಲ್ಲಿ ಮೂಳೆಯ ಪರೀಕ್ಷೆಗೆ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಅದು ವಯಸ್ಸಿನ ಕಳ್ಳತನ ಹಿಡಿಯುವ ಸಾಧನವಾಯಿತು. ಕಿರಿಯರ ಕ್ರಿಕೆಟ್‌ಗೆ ಬಿಸಿಸಿಐ ಟ್ಯಾನರ್–ವೈಟ್‌ಹೌಸ್ ಪದ್ಧತಿ ತಂದಿತು. ಹೊರಗೆ, 2009ರ ಹದಿನೇಳು ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಫಿಫಾ ಕೂಡ ಇದಕ್ಕೇ ಮಣಿಕಟ್ಟಿನ ಎಂಆರ್‌ಐ ಮಾಡಿಸಿತು. 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ನಮ್ಮ ರಾಹುಲ್ ದ್ರಾವಿಡ್ ವಯಸ್ಸು ಮರೆಮಾಚುವ ಚಾಳಿಯನ್ನು ಕಟುವಾಗಿ ಖಂಡಿಸಿದರು. ಸರಿಯಾದ ಮಾತೇ. ಆದರೆ ಕಳ್ಳನನ್ನು ಹಿಡಿಯುವ ಭರದಲ್ಲಿ, ನಿಜವಾದ ತಾರೀಕಿನಲ್ಲೇ ಹುಟ್ಟಿ ತಡವಾಗಿ ಬೆಳೆಯುವ ಹುಡುಗನನ್ನು ಯಾರೂ ನೋಡಲಿಲ್ಲ ಎಂಬುದು ನನ್ನ ನೋವು.

ಅವನನ್ನು ಮೊದಲು ನೋಡಿದ್ದು ಒಂದರ್ಥದಲ್ಲಿ ಕಬಡ್ಡಿಯವರು. ಮಂಡ್ಯ ಸೀಮೆಯಲ್ಲಿ ಅಂಕಣಕ್ಕಿಳಿಯುವ ಮೊದಲು ತಕ್ಕಡಿ ಹತ್ತುವುದು ರೂಢಿ. ಸಬ್ ಜೂನಿಯರ್ ಬಾಲಕರಿಗೆ ವಯಸ್ಸಿನ ಜೊತೆ 55 ಕೆಜಿಯ ಮಿತಿಯೂ ಉಂಟು. ತೂಕವೇ ಬೆಳವಣಿಗೆಯಲ್ಲ, ಮಿತಿಗೆ ಇಳಿಯಲು ಊಟ ಬಿಡುವ ಹುಡುಗರೂ ಇದ್ದಾರೆ. ಆದರೂ ದೊಡ್ಡ ಮೈಯನ್ನು ಚಿಕ್ಕ ಮೈಯ ಮೇಲೆ ಬಿಡಬಾರದೆಂಬ ವಿವೇಕ ಅದರಲ್ಲಿದೆ. ಫುಟ್‌ಬಾಲ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಂಥದ್ದನ್ನು 2015ರಲ್ಲಿ ಪ್ರಯತ್ನಿಸಿತು. ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಅದರ ಹಿಂದಿದ್ದರು. ಹನ್ನೊಂದರಿಂದ ಹದಿನಾಲ್ಕರ ಹುಡುಗರಲ್ಲಿ, ಮುಂದೆ ಬೆಳೆಯಬಹುದಾದ ಪೂರ್ತಿ ಎತ್ತರದ ನೂರಕ್ಕೆ 85ರಿಂದ 90ರಷ್ಟು ಮುಟ್ಟಿದವರನ್ನೇ ಸೇರಿಸಿ ಆಡಿಸಿದರು. ಬೇಗ ಬೆಳೆದವರು ಬರೀ ಬಲ ನಂಬದೆ ಕೌಶಲ ಹುಡುಕಬೇಕಾಯಿತು. ತಡವಾಗಿ ಬೆಳೆಯುವವರಿಗೆ ತಮ್ಮ ಆಟ ತೋರಿಸಲು ಜಾಗ ಸಿಕ್ಕಿತು.

ಇದಕ್ಕೆಲ್ಲ ಎಕ್ಸ್‌ರೇ ಯಂತ್ರ ಬೇಕಿಲ್ಲ. ಪಿಟಿ ಮೇಷ್ಟ್ರೇ, ಶಾಲೆಯ ಗೋಡೆಗೆ ಒಂದು ಅಳತೆಪಟ್ಟಿ ಅಂಟಿಸಿ. ಮೂರು ತಿಂಗಳಿಗೊಮ್ಮೆ ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ, ಎತ್ತರವನ್ನು ತಾರೀಕಿನ ಸಮೇತ ಬರೆದಿಡಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಏರಿದವನ ಹಾರುವ, ಬಿರುಸಾಗಿ ಓಡುವ ಅಭ್ಯಾಸವನ್ನು ಕೆಲವು ವಾರ ತಗ್ಗಿಸಿ. ಮೊಣಕಾಲು ನೋವೆಂದವನನ್ನು ತಾಲ್ಲೂಕು ಪಂದ್ಯದ ಆಸೆಗೆ ಮೈದಾನಕ್ಕೆ ಇಳಿಸಬೇಡಿ.