ವಾರ್ಡಿನಿಂದ ವಿಧಾನಸೌಧಕ್ಕೆ: ಧರಂ ಸಿಂಗ್

ನಮ್ಮ ರಾವೂರಿಗೆ ಗ್ರಾಮ ಪಂಚಾಯಿತಿ, ವಾಡಿ-ಚಿತ್ತಾಪುರಕ್ಕೆ ಪುರಸಭೆ, ಶಹಾಬಾದ್‌ಗೆ ನಗರಸಭೆ. ಇಲ್ಲೆಲ್ಲ ಅಧ್ಯಕ್ಷರೇ ದೊಡ್ಡವರು. ಮೇಯರ್ ನೋಡ್ಬೇಕಂದ್ರೆ ಕಲಬುರಗಿ ಮಹಾನಗರ ಪಾಲಿಕೆಗೇ ಹೋಗ್ಬೇಕು.

ಆದ್ರೆ ಊರಿನ ಇಂಥದೇ ಸಭೆಯಲ್ಲಿ ರಾಜಕೀಯ ಶುರು ಮಾಡಿ ಮುಖ್ಯಮಂತ್ರಿ ಆದವರು ನಮ್ಮ ಜಿಲ್ಲೆಯಲ್ಲೇ ಇದ್ರು. ಅವರೇ ಎನ್. ಧರಂ ಸಿಂಗ್.

ಹುಟ್ಟಿದ್ದು 1936ರಲ್ಲಿ, ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ. ಓದಿದ್ದು ಕಾನೂನು. 1960ರ ದಶಕದಲ್ಲಿ ಗುಲ್ಬರ್ಗ (ಈಗಿನ ಕಲಬುರಗಿ) ನಗರಸಭೆ ಸದಸ್ಯ. 1972ರಲ್ಲಿ ಜೇವರ್ಗಿ ಶಾಸಕ.

ಧರಂ ಸಿಂಗ್ ರಜಪೂತರು. ಕ್ಷೇತ್ರದಲ್ಲಿ ಸ್ವಜಾತಿ ಮತ ಬೆರಳೆಣಿಕೆಯಷ್ಟು. ಆದ್ರೂ ಜನ ಮತ್ತೆ ಮತ್ತೆ ಗೆಲ್ಲಿಸಿದ್ರು. 1980ರಲ್ಲಿ ಲೋಕಸಭೆಗೆ ಗೆದ್ದರೂ, ಕಾಂಗ್ರೆಸ್ ಪಕ್ಷದ ಮಾತಿಗೆ ಪಕ್ಷದ ನಾಯಕ ಸಿ.ಎಂ. ಸ್ಟೀಫನ್‌ಗಾಗಿ ಆ ಸೀಟು ಬಿಟ್ಟುಕೊಟ್ರು.

2004ರ ಮೇ 28. ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರಕ್ಕೆ ಇವರೇ ಮುಖ್ಯಮಂತ್ರಿ. ಸುಮಾರು 20 ತಿಂಗಳಿಗೆ ಕುರ್ಚಿ ಹೋಯ್ತು. 2008ರಲ್ಲಿ ಜೇವರ್ಗಿಯಲ್ಲೇ ಸೋಲು. ಅಂತರ ಎಷ್ಟು ಗೊತ್ತಾ? ಬರೀ 70 ಮತ! ಮರುವರ್ಷವೇ ಬೀದರ್‌ನಿಂದ ಸಂಸದ. 2017ರಲ್ಲಿ ನಿಧನ.

ಆ 70 ಮತ ನೆನಪಿಟ್ಟು, ನಿಮ್ಮ ವಾರ್ಡಿನ ಚುನಾವಣೆ ಬಂದಾಗ 'ನಂದೊಂದು ವೋಟಿಂದ ಏನಾಗುತ್ತೆ' ಅನ್ಬೇಡಿ. ತಪ್ಪದೇ ಹೋಗಿ, ಮತ ಹಾಕಿ.